ಕೀ ತಿರುಗಿಸಿದರೆ ಬರೀ ‘ಟಕ್ ಟಕ್’, ಕಾರು ಸ್ಟಾರ್ಟ್ ಆಗುತ್ತಿಲ್ಲ: ಫಾರ್ವರ್ಡ್ ಸಲಹೆಗಳಲ್ಲಿ ಎಷ್ಟು ನಿಜ?

“ಬ್ಯಾಟರಿ ಮೇಲೆ ಕೋಲಾ ಸುರಿಯಿರಿ”, “ಸೆಲ್ಫ್ ಮೋಟಾರಿಗೆ ಸುತ್ತಿಗೆಯಲ್ಲಿ ಒಂದೇಟು ಕೊಡಿ”, “ಬ್ಯಾಟರಿಯೊಳಗೆ ಆಸ್ಪಿರಿನ್ ಮಾತ್ರೆ ಹಾಕಿ”. ಇಂಥ ಸಲಹೆಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಕೆಲವದರಲ್ಲಿ ಅರ್ಧ ಸತ್ಯವಿದೆ, ಕೆಲವು ನಿಜಕ್ಕೂ ಅಪಾಯಕಾರಿ.

ಗುಂಡ್ಲುಪೇಟೆ ಕಡೆಯವರಿಗೆ ಇದು ಬರೀ ಕುತೂಹಲದ ವಿಷಯವಲ್ಲ. ಇಲ್ಲಿಂದ ಊಟಿಗೂ ವಯನಾಡಿಗೂ ಹೋಗುವ ಎರಡೂ ಹೆದ್ದಾರಿಗಳು ಬಂಡೀಪುರದ ಕಾಡಿನ ಮೂಲಕ ಹಾದುಹೋಗುತ್ತವೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಹಗಲಿನಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ಜಿಂಕೆ ಕಂಡಿತೆಂದು ಎಂಜಿನ್ ಆಫ್ ಮಾಡಿ ಫೋಟೊ ತೆಗೆದು, ಮತ್ತೆ ಕೀ ತಿರುಗಿಸಿದಾಗ ‘ಟಕ್ ಟಕ್’ ಅಂದರೆ ಪರಿಸ್ಥಿತಿ ಊಹಿಸಿಕೊಳ್ಳಿ.

ಈ ಸದ್ದು ಎಲ್ಲಿಂದ ಬರುತ್ತದೆ? ನಾವು ‘ಸೆಲ್ಫ್’ ಅನ್ನುವ ಸ್ಟಾರ್ಟರ್ ಮೋಟಾರಿನ ಮೇಲೆ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತ ಕೂತಿರುತ್ತದೆ. ಕೀ ತಿರುಗಿಸಿದಾಗ ಅದಕ್ಕೆ ಸ್ವಲ್ಪ ಕರೆಂಟ್ ಸಿಗುತ್ತದೆ. ಅದು ಒಳಗಿನ ಕಬ್ಬಿಣದ ದಂಡವನ್ನು ಎಳೆದುಕೊಂಡು ಬ್ಯಾಟರಿಯಿಂದ ಮೋಟಾರಿಗೆ ಹೋಗುವ ದಪ್ಪ ಸಂಪರ್ಕವನ್ನು ಜೋಡಿಸುತ್ತದೆ. ನೀವು ಕೇಳುವ ‘ಟಕ್’ ಅದೇ. ಸೊಲೆನಾಯ್ಡ್‌ಗೆ ಸ್ವಲ್ಪ ಕರೆಂಟ್ ಸಾಕು, ಆದರೆ ಎಂಜಿನ್ ತಿರುಗಿಸಲು ಮೋಟಾರಿಗೆ ಸಣ್ಣ ಕಾರಿನಲ್ಲೂ ನೂರು ಆಂಪಿಯರ್‌ಗಿಂತ ಹೆಚ್ಚು ಬೇಕು. ಬ್ಯಾಟರಿ ಸೊರಗಿದ್ದರೆ ಮೋಟಾರಿಗೆ ಸಂಪರ್ಕ ಸಿಕ್ಕ ಕ್ಷಣವೇ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಹಿಡಿತ ಬಿಡುತ್ತದೆ. ಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ. ಹೀಗೆ ಟಕ್‌ಟಕ್‌ಟಕ್ ಎಂದು ಬಡಿದುಕೊಳ್ಳುತ್ತದೆ. ಅಂದರೆ ಪೆಟ್ರೋಲ್‌ಗೂ ಈ ಸದ್ದಿಗೂ ಸಂಬಂಧವಿಲ್ಲ. ಪೆಟ್ರೋಲ್ ಖಾಲಿಯಾಗಿದ್ದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ ಅಷ್ಟೆ.

ಪತ್ತೆ ಹಚ್ಚಲು ಹೆಡ್‌ಲೈಟ್ ಸಾಕು. ಲೈಟ್ ಹಾಕಿಕೊಂಡು ಕೀ ತಿರುಗಿಸಿ. ಬೆಳಕು ತೀರಾ ಮಂಕಾದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ಮೇಲೆ ಅನುಮಾನ ಪಡಿ. ಒಂದೇ ಒಂದು ಜೋರಾದ ‘ಟಕ್’ ಬಂದು, ಬೆಳಕು ಹಾಗೇ ಪ್ರಖರವಾಗಿದ್ದರೆ ತೊಂದರೆ ಹೆಚ್ಚಾಗಿ ಸೆಲ್ಫ್ ಮೋಟಾರಿನಲ್ಲಿ ಅಥವಾ ಅದಕ್ಕೆ ಹೋಗುವ ವೈರಿನಲ್ಲಿ. ಮೀಟರ್ ಇದ್ದವರಿಗೆ ಇನ್ನೂ ಸುಲಭ: ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12ಕ್ಕೆ ಇಳಿದರೆ ಬಹುಪಾಲು ಖಾಲಿ ಎಂದೇ ಲೆಕ್ಕ.

ಈಗ ಫಾರ್ವರ್ಡ್‌ಗಳಿಗೆ ಬರೋಣ. ಕೋಲಾದಲ್ಲಿ ಆಮ್ಲ ಇರುವುದರಿಂದ ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿ ಸ್ವಲ್ಪ ಕರಗುತ್ತದೆ, ನಿಜ. ಆದರೆ ಸಕ್ಕರೆಯ ಅಂಟು ಉಳಿಯುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೇ ಬ್ರಷ್‌ನಲ್ಲಿ ಉಜ್ಜಿದರೆ ಕೆಲಸ ಚೆನ್ನಾಗಿ ಆಗುತ್ತದೆ. ಆ ನೀರು ಬ್ಯಾಟರಿಯೊಳಗೆ ಹೋಗಬಾರದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಆಸ್ಪಿರಿನ್ ಮಾತ್ರ ಬೇಡವೇ ಬೇಡ. ಬ್ಯಾಟರಿಯ ಆಮ್ಲದಲ್ಲಿ ಅದು ಒಡೆದು ಅಸಿಟಿಕ್ ಆಮ್ಲ ಹುಟ್ಟುತ್ತದೆ, ಅದು ಸೀಸದ ಫಲಕಗಳನ್ನೇ ತಿನ್ನುತ್ತದೆ. ಸುತ್ತಿಗೆಯ ಮಾತು ಪೂರ್ತಿ ಸುಳ್ಳಲ್ಲ. ಮೋಟಾರಿನೊಳಗಿನ ಸವೆದ ಕಾರ್ಬನ್ ಬ್ರಷ್ ಸಿಕ್ಕಿಕೊಂಡಿದ್ದರೆ ಮೆಲ್ಲಗೆ ತಟ್ಟಿದಾಗ ಒಮ್ಮೊಮ್ಮೆ ಸಂಪರ್ಕ ಬರುತ್ತದೆ. ಹಾಗೆ ಸ್ಟಾರ್ಟ್ ಆದರೆ ನೇರ ಆಟೊ ಎಲೆಕ್ಟ್ರಿಷಿಯನ್ ಅಂಗಡಿಗೆ ಹೋಗಿ, ನಡುವೆ ಟೀಗೆಂದು ಆಫ್ ಮಾಡಬೇಡಿ.

ಕಾರಿಗೆ ದೃಷ್ಟಿಯಾಗಿದೆ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಅನ್ನುವವರೂ ಇದ್ದಾರೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಅನ್ನುವ ನಂಬಿಕೆಯನ್ನು ಹೊತ್ತ ಜಿಲ್ಲೆ ಇದು. ಸಿದ್ದರಾಮಯ್ಯ ಹಲವು ಸಲ ಬಂದುಹೋಗಿಯೂ 2013ರಿಂದ 2018ರವರೆಗೆ ಪೂರ್ತಿ ಅವಧಿ ಮುಗಿಸಿದರು. ನಿಂಬೆಹಣ್ಣು ಕಟ್ಟುವುದಕ್ಕೆ ನಮ್ಮ ಅಡ್ಡಿಯಿಲ್ಲ, ಟರ್ಮಿನಲ್ ಬಿಗಿ ಮಾಡುವುದನ್ನು ಮರೆಯದಿದ್ದರೆ ಸಾಕು.

ನಿಜವಾದ ಅಪಾಯ ಇರುವುದು ಇನ್ನೊಂದು ಗಾಡಿಯಿಂದ ಕರೆಂಟ್ ಪಡೆಯುವಾಗ. ಈ ರಸ್ತೆಗಳಲ್ಲಿ ಸಹಾಯಕ್ಕೆ ಮೊದಲು ನಿಲ್ಲುವುದು ಕೇರಳಕ್ಕೆ ತರಕಾರಿ ಒಯ್ಯುವ ಲಾರಿ, ಇಲ್ಲವೇ ಕರಿಕಲ್ಲು ಕ್ವಾರಿಯ ಟಿಪ್ಪರ್. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಅದನ್ನು ನೇರವಾಗಿ 12 ವೋಲ್ಟಿನ ಕಾರಿಗೆ ಕೊಟ್ಟರೆ ಕಂಪ್ಯೂಟರ್ ಘಟಕವೇ ಸುಡಬಹುದು. ಚಾಲಕರು ಎಷ್ಟೇ ಪ್ರೀತಿಯಿಂದ ಹೇಳಿದರೂ ಬೇಡ ಅನ್ನಿ, ಇನ್ನೊಂದು ಕಾರಿಗೆ ಕಾಯಿರಿ. ಕೆಂಪು ಕೇಬಲ್ ಮೊದಲು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಅವರ ಪ್ಲಸ್‌ಗೆ. ಕಪ್ಪು ಕೇಬಲ್ ಅವರ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತಿರಬಹುದು, ಕೊನೆಯ ಜೋಡಣೆಯ ಕಿಡಿ ಅದಕ್ಕೆ ತಾಗಬಾರದು. ಬೀಡಿ ಸಿಗರೇಟು ಹತ್ತಿರ ಬೇಡ.

ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುಯಲ್ ಗೇರಿನ ಕಾರಿಗೆ ಮಾತ್ರ, ಅದೂ ಸಮತಟ್ಟಾದ ಜಾಗದಲ್ಲಿ: ಕೀ ಆನ್, ಎರಡನೇ ಗೇರು, ವೇಗ ಬಂದ ಮೇಲೆ ಕ್ಲಚ್ ಬಿಡುವುದು. ಇಳಿಜಾರಿನಲ್ಲಿ ಉರುಳಿಸಿ ನೋಡುವ ಆಸೆ ಬೇಡ. ಎಂಜಿನ್ ಓಡದಿದ್ದಾಗ ಬ್ರೇಕ್ ಮತ್ತು ಸ್ಟೇರಿಂಗ್ ಎರಡೂ ಕಲ್ಲಿನಂತೆ ಬಿಗಿಯಾಗುತ್ತವೆ.

ಬ್ಯಾಟರಿಯನ್ನು ಒಳಗಿನಿಂದ ಸವೆಸುವುದು ಬೇಸಿಗೆಯ ಬಿಸಿ, ಗುಟ್ಟು ರಟ್ಟಾಗುವುದು ಚಳಿಯಲ್ಲಿ. ಊರಿನಲ್ಲಿ ಸರಿಯಾಗಿದ್ದ ಕಾರು ಊಟಿಯ ಡಿಸೆಂಬರ್ ಬೆಳಿಗ್ಗೆ ಮುಷ್ಕರ ಹೂಡುವುದು ಅದಕ್ಕೇ. ಮೂರು ವರ್ಷ ದಾಟಿದ ಬ್ಯಾಟರಿಯಾದರೆ ಕಾಡು ಹೊಕ್ಕುವ ಮೊದಲು ಗುಂಡ್ಲುಪೇಟೆಯಲ್ಲೇ ಲೋಡ್ ಟೆಸ್ಟ್ ಮಾಡಿಸಿ. ಎಂಜಿನ್ ಓಡುವಾಗ ಸುಮಾರು 14 ವೋಲ್ಟ್ ಬರುತ್ತಿದೆಯೇ ಎಂದೂ ಕೇಳಿ. ಬರದಿದ್ದರೆ ಹೊಸ ಬ್ಯಾಟರಿ ಹಾಕಿಯೂ ಪ್ರಯೋಜನವಿಲ್ಲ, ನೋಡಬೇಕಾದದ್ದು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ.