ಮನೆಯಿಂದಾಚೆ ಒಂದು ದಿನ: ಶಿವಗಂಗೆ

ಸಿರಾ ಕಡೆಯ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. "ಮಕ್ಕಳಿಗೆ ದಸರಾ ರಜ. ಮೈಸೂರಿನ ಅರಮನೆ, ಮೃಗಾಲಯ ಎಲ್ಲಾ ನೋಡಿಯಾಯಿತು. ಬೆಳಿಗ್ಗೆ ಹೊರಟು ರಾತ್ರಿ ಅಡುಗೆ ಹೊತ್ತಿಗೆ ಮನೆ ಸೇರುವಂಥ ಜಾಗ ಹೇಳಿ. ಅತ್ತೆಯವರಿಗೆ ದೇವರ ದರ್ಶನ ಆಗಬೇಕು, ಮಕ್ಕಳಿಗೆ ಪ್ರಾಣಿ-ಪಕ್ಷಿ ಕಾಣಬೇಕು, ನನಗೆ ಸ್ವಲ್ಪ ಇತಿಹಾಸ ಬೇಕು" ಅಂತ.

ಮೂರೂ ಒಂದೇ ಕಡೆ ಬೇಕೆಂದರೆ ಶಿವಗಂಗೆಗೆ ಹೋಗಿಬನ್ನಿ. ಹುಲಿ ಸಿಂಹ ಅಲ್ಲಿಲ್ಲ. ಅದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ, ಆಮೇಲೆ ದಾರಿಯುದ್ದಕ್ಕೂ ರಗಳೆ ಇರುವುದಿಲ್ಲ.

ನೆಲಮಂಗಲ ತಾಲ್ಲೂಕಿನ ಈ ಬೆಟ್ಟ ಬೆಂಗಳೂರಿನಿಂದ ಸುಮಾರು 55 ಕಿಲೋಮೀಟರು, ತುಮಕೂರಿನಿಂದ 20 ಚಿಲ್ಲರೆ. ಹೆದ್ದಾರಿಯಲ್ಲಿ ದಾಬಸ್‌ಪೇಟೆಯಲ್ಲಿ ಇಳಿದರೆ ಅಲ್ಲಿಂದ ಐದಾರು ಕಿಲೋಮೀಟರು ಅಷ್ಟೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ನಮಗೂ ಅತ್ತೆಯವರಿಗೂ ಟಿಕೆಟ್ಟಿನ ಖರ್ಚಿಲ್ಲ. ಉಳಿದ ದುಡ್ಡನ್ನು ಬೆಟ್ಟದ ಕೆಳಗಿನ ಅಂಗಡಿಯ ಎಳನೀರಿಗೆ ಇಟ್ಟುಕೊಳ್ಳಿ.

ಬೆಟ್ಟವನ್ನು ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣೇಶ, ಉತ್ತರದಿಂದ ಸರ್ಪ, ದಕ್ಷಿಣದಿಂದ ಲಿಂಗ ಎನ್ನುತ್ತಾರೆ. ದಕ್ಷಿಣ ಕಾಶಿ ಎಂಬ ಹೆಸರೂ ಇದೆ. ಗಂಗಾಧರೇಶ್ವರ, ಹೊನ್ನಾದೇವಿ ಇಬ್ಬರೂ ಬಂಡೆಯ ಅಡಿಯ ಗುಹೆಯಲ್ಲಿ ನೆಲೆಸಿದ್ದಾರೆ. ಹೆಚ್ಚು ಹತ್ತಲಾರದ ಅತ್ತೆಯವರು ಈ ಎರಡು ದರ್ಶನ ಮಾಡಿಕೊಂಡು ಮಂಟಪದಲ್ಲಿ ಕೂತರೂ ಬಂದ ಕೆಲಸ ಆದಂತೆಯೇ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಲೋಹದ ಪ್ರತಿಮೆಯೂ ಈ ದೇವಾಲಯದಲ್ಲಿದೆ. 1609ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಇರಿಸಿದ್ದು. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಪ್ರತಿಮೆ ನೋಡಿ ಬಂದ ಮಕ್ಕಳಿಗೆ ಇದನ್ನು ತೋರಿಸಲೇಬೇಕು.

ಗಂಗಾಧರೇಶ್ವರನಿಗೆ ತುಪ್ಪದ ಅಭಿಷೇಕ ಮಾಡಿದರೆ ಅದು ಬೆಣ್ಣೆಯಾಗುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ನಂಬಿಕೆ ನಂಬಿಕೆಯ ಜಾಗದಲ್ಲಿರಲಿ. ಆದರೆ ಅಡುಗೆಮನೆಯವರಾದ ನಮಗೆ ಒಂದು ವಿಷಯ ಗೊತ್ತಿರಬೇಕು. ಆಯುರ್ವೇದದಲ್ಲಿ ಶತಧೌತ ಘೃತ ಅಂತ ಇದೆ. ತುಪ್ಪವನ್ನು ತಣ್ಣೀರು ಹಾಕಿ ತಿಕ್ಕಿ, ನೀರು ಚೆಲ್ಲಿ, ಮತ್ತೆ ತಿಕ್ಕಿ ನೂರು ಸಲ ತೊಳೆದರೆ ಬಣ್ಣ ಬಿಟ್ಟು ಬೆಣ್ಣೆಯ ಹಾಗೆ ಬೆಳ್ಳಗೆ ಮೆತ್ತಗಾಗುತ್ತದೆ. ಸುಟ್ಟ ಗಾಯಕ್ಕೆ ಹಚ್ಚುತ್ತಿದ್ದರು. ತಣ್ಣನೆಯ ಗುಹೆ, ಒದ್ದೆ ಕಲ್ಲು, ಉಜ್ಜುವ ಕೈ, ಇವು ಮೂರೂ ಕೂಡಿದಲ್ಲಿ ತುಪ್ಪ ಬೆಳ್ಳಗಾದರೆ ನನಗೆ ಆಶ್ಚರ್ಯವಿಲ್ಲ. ಕೈ ಮುಗಿಯುವುದಕ್ಕೂ ಅದು ಅಡ್ಡಿಯಲ್ಲ.

ಮೇಲೆ ಹತ್ತುತ್ತಾ ಸಿಗುವುದು ಒಳಕಲ್ಲು ತೀರ್ಥ. ಬಂಡೆಯೊಳಗೆ ಒರಳಿನ ಹಾಗೆ ಗುಂಡಿ. ತೋಳಿನವರೆಗೂ ಕೈ ಬಿಟ್ಟರೆ ನೀರು ಸಿಗುತ್ತದೆ. ಪುಣ್ಯ ಮಾಡಿದವರಿಗೆ ಮಾತ್ರ ಸಿಗುತ್ತದೆಂದು ಪ್ರತೀತಿ. ಇಲ್ಲಿ ನಾನು ಕಂಡದ್ದನ್ನು ಹೇಳಲೇಬೇಕು. ಹೊಸದಾಗಿ ಮದುವೆಯಾದಂತಿದ್ದ ಒಬ್ಬ ಹುಡುಗಿ, ಬಳೆ ತುಂಬಿದ ಗಿಡ್ಡ ಕೈ, ಎಷ್ಟು ಬಗ್ಗಿದರೂ ನೀರು ತಾಕಲಿಲ್ಲ. ಗಂಡ, ಮೈದುನ, ಎಲ್ಲರಿಗೂ ಸಿಕ್ಕಿತು. "ನಮ್ಮನೆಗೆ ಬಂದಿರೋದೇ ಹಿಂಗೆ" ಅಂದರು ಹಿಂದೆ ನಿಂತಿದ್ದ ಹಿರಿಯರು. ಆ ಹುಡುಗಿ ಬೆಟ್ಟ ಇಳಿಯುವವರೆಗೂ ಮುಖ ಎತ್ತಲಿಲ್ಲ. ಅಲ್ಲಾ, ನೀರಿನ ಮಟ್ಟ ಮಳೆಗಾಲಕ್ಕೊಂದು ಬೇಸಿಗೆಗೊಂದು. ಐದೂವರೆ ಅಡಿಯ ಗಂಡಸಿನ ತೋಳೂ ಐದಡಿಯ ಹೆಣ್ಣಿನ ತೋಳೂ ಒಂದೇ ಉದ್ದವೇ? ನಿಮ್ಮ ಜತೆಯಲ್ಲಿ ಮಗಳೋ ಸೊಸೆಯೋ ಇದ್ದು ನೀರು ಸಿಗದೇ ಹೋದರೆ, ಯಾರಾದರೂ ಬಾಯಿ ತೆರೆಯುವ ಮೊದಲೇ ನಿಮ್ಮ ಕೈ ಬಿಟ್ಟು ನಾಲ್ಕು ಹನಿ ತೆಗೆದು ಅವಳ ತಲೆಗೆ ಪ್ರೋಕ್ಷಿಸಿಬಿಡಿ.

ಇಂಥದೇ ಇನ್ನೊಂದು ಮಾತು ಮೇಲೆ ಕಾದಿರುತ್ತದೆ. ತುದಿಯ ಹತ್ತಿರ ಕಡಿದಾದ ಒಂದು ಕೋಡು ತೋರಿಸಿ, "ನಾಟ್ಯರಾಣಿ ಶಾಂತಲೆ ಮಕ್ಕಳಿಲ್ಲದ ಕೊರಗಿಗೆ ಇಲ್ಲಿಂದಲೇ ಹಾರಿಕೊಂಡಳು" ಎನ್ನುತ್ತಾರೆ. ಎಲ್ಲರೂ ಬಗ್ಗಿ ಕೆಳಗೆ ನೋಡಿ "ಅಯ್ಯೋ ಪಾಪ" ಅಂದು ಫೋಟೋ ತೆಗೆಸಿಕೊಳ್ಳುತ್ತಾರೆ.

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡದ್ದು ನಿಜ. ಶ್ರವಣಬೆಳಗೊಳದ ಶಾಸನ ಹೇಳುತ್ತದೆ, ವರ್ಷ 1131. ಶಿವಗಂಗೆಯ ತೀರ್ಥದಲ್ಲಿ ದೇಹಬಿಟ್ಟು ಸ್ವರ್ಗ ಸೇರಿದಳು ಎಂದಿಷ್ಟೇ ಅಲ್ಲಿರುವ ಮಾತು. ಹಾರಿದಳೆಂದಿಲ್ಲ, ಕೊರಗಿದಳೆಂದೂ ಇಲ್ಲ. ಅದೇ ಶಾಸನ ಅವಳ ತಾಯಿ ಮಾಚಿಕಬ್ಬೆಯ ಕೊನೆಯನ್ನು ಬಿಡಿಸಿ ಹೇಳುತ್ತದೆ. ಮಗಳು ಹೋದ ಮೇಲೆ ನಾನು ಇರಲಾರೆನೆಂದು ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಪ್ರಾಣಬಿಟ್ಟಳಂತೆ. ತಾಯಿಯ ಸಾವನ್ನು ಅಷ್ಟು ವಿವರವಾಗಿ ಕೆತ್ತಿಸಿದವರು ಪಟ್ಟದ ರಾಣಿ ಬೆಟ್ಟದಿಂದ ಬಿದ್ದಿದ್ದರೆ ಒಂದು ಸಾಲು ಬರೆಯದೆ ಬಿಡುತ್ತಿದ್ದರೆಂದು ನನಗಂತೂ ಅನ್ನಿಸುವುದಿಲ್ಲ.

ಕೆ.ವಿ. ಅಯ್ಯರ್ ಅವರ 'ಶಾಂತಲಾ', ಸಿ.ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ' ಓದಿದವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಕಾದಂಬರಿಯನ್ನು ಕಾದಂಬರಿಯಾಗಿ ಓದೋಣ. ಶಾಸನದ ಶಾಂತಲೆ ಬೇರೆಯೇ ಗಟ್ಟಿಗಿತ್ತಿ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿ ಅವಳದು. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಬಸದಿ ಕಟ್ಟಿಸಿದಳು. ಸವತಿಗಂಧವಾರಣ ಎಂದು ಅದರ ಹೆಸರು, ಅದು ಅವಳದೇ ಬಿರುದು: ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ! ಬಿರುದನ್ನು ಬಸದಿಗೇ ಇಟ್ಟವಳ ಎದೆಗಾರಿಕೆ ನೋಡಿ. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನಳು, ಗಂಡ ವಿಷ್ಣುಭಕ್ತ. ತಾನು ಜಿನನನ್ನು ಪೂಜಿಸುತ್ತಾ ಗಂಡನ ದೇವರಿಗೂ ಗುಡಿ ಕಟ್ಟಿಸಿ, ಕೊನೆಗಾಲಕ್ಕೆ ಶಿವನ ಬೆಟ್ಟಕ್ಕೆ ಬಂದಳು. ಎರಡು ಮನೆತನದ ಆಚಾರ ಸಂಭಾಳಿಸುವ ಕಷ್ಟ ನಮಗೆ ಗೊತ್ತಿಲ್ಲದ್ದೇ! ಆ ಕೋಡಿನ ಹತ್ತಿರ ನಿಂತಾಗ ನಿಮ್ಮ ಹೆಣ್ಣುಮಕ್ಕಳಿಗೆ ಈ ಕಥೆಯನ್ನೂ ಹೇಳಿ. ಹೇಳುವಾಗ ಅಂಚಿನಿಂದ ದೂರ ನಿಲ್ಲಿಸಿಕೊಂಡು ಹೇಳಿ. ಅಲ್ಲಿ ಬಂಡೆ ಜಾರುತ್ತದೆ, ಗಾಳಿಯೂ ಜೋರು. ಬಂಡೆಯಲ್ಲೇ ಕಡೆದ ನಂದಿಯ ಸುತ್ತ ಪ್ರದಕ್ಷಿಣೆ ಬರುವ ಜಾಗ ಕಿರಿದು, ಮಕ್ಕಳನ್ನು ಬಿಡಲೇಬೇಡಿ.

ಇನ್ನು ಪ್ರಾಣಿಗಳು. ಶಿವಗಂಗೆಯ ಕೋತಿಗಳ ಪುಂಡಾಟ ಪ್ರಸಿದ್ಧ. ಬೈಯುವ ಮೊದಲು ಸ್ವಲ್ಪ ನೋಡಿ. ನಡುಬೈತಲೆ ತೆಗೆದು ಬಾಚಿದ ಹಾಗೆ ತಲೆಗೂದಲಿರುವ ಈ ಜಾತಿ ಇಡೀ ಜಗತ್ತಿನಲ್ಲಿ ನಮ್ಮ ದಕ್ಷಿಣ ಭಾರತದಲ್ಲಿ ಮಾತ್ರ ಉಂಟು. ಉತ್ತರಕ್ಕೆ ಹೋದರೆ ಕಾಣುವ ಕೋತಿಯೇ ಬೇರೆ. ಸಿಕ್ಕಿದ್ದನ್ನು ಕೆನ್ನೆಯ ಚೀಲದಲ್ಲಿ ತುರುಕಿಕೊಂಡು ಓಡಿಹೋಗಿ ಆಮೇಲೆ ನಿಧಾನವಾಗಿ ಮೆಲ್ಲುವುದನ್ನು ಮಕ್ಕಳು ಮೃಗಾಲಯದಲ್ಲೂ ಇಷ್ಟು ಹತ್ತಿರದಿಂದ ಕಂಡಿರಲಾರರು. ಅವುಗಳಿಗೆ ಬಾಳೆಹಣ್ಣು ಕೊಟ್ಟರೆ ಪುಣ್ಯ ಎನ್ನುವುದೊಂದನ್ನು ಬಿಡೋಣ. ನಾವು ಕೊಟ್ಟು ಕೊಟ್ಟೇ ಅವು ಅತ್ತಿ ಹಣ್ಣು, ಚಿಗುರು ಹುಡುಕುವುದು ಬಿಟ್ಟು ಚೀಲ ಕಿತ್ತುಕೊಳ್ಳುವುದನ್ನು ಕಲಿತದ್ದು. ತಿಂಡಿಯ ವಾಸನೆ ಹತ್ತಿದ ಪ್ಲಾಸ್ಟಿಕ್ಕನ್ನೂ ತಿನ್ನುತ್ತವೆ, ಅದು ಹೊಟ್ಟೆಯಲ್ಲಿ ಸಿಕ್ಕಿಕೊಂಡು ಸಾಯುತ್ತವೆ.

ಶಿವಗಂಗೆ ನೋಡಿದ ಮೇಲೆ ಮಕ್ಕಳಿಗೆ ರುಚಿ ಹತ್ತಿದರೆ, ಇನ್ನೊಂದು ರಜಕ್ಕೆ ತುಮಕೂರಿನಾಚೆಯ ದೇವರಾಯನದುರ್ಗ, ನಾಮದ ಚಿಲುಮೆ ಇಟ್ಟುಕೊಳ್ಳಿ. ಬಂಡೆಬೆಟ್ಟಗಳನ್ನೇ ನೆಚ್ಚಿಕೊಂಡ ಹಳದಿ ಕೊರಳಿನ ಪಿಕಳಾರ ದುರ್ಗದಲ್ಲಿದೆ. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಸುತ್ತ ಕಾಡುಪಾಪ ಇದೆ, ಆದರೆ ಅದು ರಾತ್ರಿ ಓಡಾಡುವ ಪ್ರಾಣಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲೆಂದು ಘೋಷಿಸಿದರು. ಸಿರಾದವರಿಗೆ ಅದು ದೂರವೇನಲ್ಲ.

ಬೆಟ್ಟಕ್ಕೆ ಹೊರಡುವ ದಿನ ಬೆಳಗಿನ ಬಸ್ಸೇ ಹಿಡಿಯಿರಿ, ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ. ತುದಿ ಮುಟ್ಟಲು ನಿಧಾನಕ್ಕೆ ಎರಡು ಗಂಟೆ ಬೇಕು. ಸೀರೆಯಾದರೆ ಹತ್ತಿಯದು, ನೆರಿಗೆ ಸ್ವಲ್ಪ ಮೇಲೆ. ಸಂಕ್ರಾಂತಿಯಂದು ಕಲ್ಯಾಣೋತ್ಸವದ ಜನಜಾತ್ರೆ, ಚಿಕ್ಕ ಮಕ್ಕಳಿದ್ದರೆ ಆ ದಿನ ಬೇಡ. ಪುಳಿಯೋಗರೆ ಹಿಂದಿನ ರಾತ್ರಿಯೇ ಕಲಸಿದರೆ ಹುಳಿ ಚೆನ್ನಾಗಿ ಹಿಡಿಯುತ್ತದೆ. ಮೊಸರನ್ನಕ್ಕೆ ಮೊಸರು ಕಡಿಮೆ, ಹಾಲು ಹೆಚ್ಚು ಹಾಕಿ, ಮಧ್ಯಾಹ್ನದ ಹೊತ್ತಿಗೆ ಸರಿಯಾಗುತ್ತದೆ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಬಟ್ಟೆ ಚೀಲದಲ್ಲಿಟ್ಟು, ಮೇಲಕ್ಕೆ ಒಯ್ಯದೆ ಅತ್ತೆಯವರ ಹತ್ತಿರವೇ ಬಿಟ್ಟುಹೋಗಿ. ಪಕ್ಕದಲ್ಲೊಂದು ಕೋಲಿರಲಿ.