ಅಗ್ಗದ ಸೀಸನ್ ಟಿಕೆಟ್: ಖಾಲಿ ಗ್ಯಾಲರಿಗೆ ಮದ್ದೇ?

ಇಂಗ್ಲೆಂಡಿನ ಫುಟ್ಬಾಲ್ ಎಂದರೆ ಕೋಟಿಗಳ ವ್ಯವಹಾರ ಎಂಬ ಭಾವನೆ ಸಾಮಾನ್ಯ. ಆದರೆ ಕೆಳ ಡಿವಿಜನ್‌ಗಳ ಕ್ಲಬ್‌ಗಳ ಪಾಡೇ ಬೇರೆ. ಅಲ್ಲಿ ಟಿವಿಯಿಂದ ಬರುವ ಹಣ ಅಲ್ಪ; ಗೇಟಿನ ವಸೂಲಿಯೇ ದೊಡ್ಡ ಆಧಾರ.

2001ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದ ಬ್ರಾಡ್‌ಫರ್ಡ್ ಸಿಟಿ, 2007ರ ಹೊತ್ತಿಗೆ ನಾಲ್ಕನೇ ಸ್ತರಕ್ಕೆ ಕುಸಿದಿತ್ತು. 25 ಸಾವಿರ ಆಸನಗಳ ಮೈದಾನ ಭಣಗುಡುವ ಭೀತಿ ಎದುರಾದಾಗ, ಆಡಳಿತ 138 ಪೌಂಡಿಗೆ ಇಡೀ ಋತುವಿನ ಟಿಕೆಟ್ ಘೋಷಿಸಿತು. ತವರಿನ 23 ಪಂದ್ಯಗಳಿಗೆ ಹಂಚಿದರೆ ಪಂದ್ಯವೊಂದಕ್ಕೆ ಬರೇ 6 ಪೌಂಡ್. ಸುಮಾರು 12 ಸಾವಿರ ಟಿಕೆಟ್‌ಗಳು ಖರ್ಚಾದವು.

ಲೆಕ್ಕಾಚಾರ ಸರಳ. ಖಾಲಿ ಕುರ್ಚಿ ಕಾಸು ತಾರದು. ಋತು ಆರಂಭಕ್ಕೆ ಮೊದಲೇ ಹಣ ಕೈಸೇರುತ್ತದೆ. ಬಂದವರು ಚಹಾ, ತಿಂಡಿ, ಜೆರ್ಸಿ ಕೊಳ್ಳುತ್ತಾರೆ; ಮಕ್ಕಳನ್ನೂ ಕರೆತರುತ್ತಾರೆ. ಆದರೆ ಒಮ್ಮೆ ಇಳಿಸಿದ ದರವನ್ನು ಮತ್ತೆ ಏರಿಸುವುದು ಕಷ್ಟ. ಗ್ಯಾಲರಿ ತುಂಬಿದ ಮಾತ್ರಕ್ಕೆ ತಂಡ ಗೆಲ್ಲುವುದೂ ಇಲ್ಲ. ಆ ಋತುವಿನಲ್ಲಿ ಬ್ರಾಡ್‌ಫರ್ಡ್ 10ನೇ ಸ್ಥಾನಕ್ಕೆ ತೃಪ್ತಿಪಟ್ಟಿತು. ಭಡ್ತಿಗಾಗಿ 2013ರ ವರೆಗೆ ಕಾಯಬೇಕಾಯಿತು.

ನೆರೆಯ ಹಡರ್ಸ್‌ಫೀಲ್ಡ್ ಟೌನ್ ತನ್ನ ಶತಮಾನೋತ್ಸವದ 2008-09ರ ಋತುವಿಗೆ 100 ಪೌಂಡ್ ದರ ಇರಿಸಿತ್ತು. ಟಿಕೆಟನ್ನು ನಿರಂತರ ನವೀಕರಿಸುತ್ತ ಬಂದವರಿಗೆ, ತಂಡ ಪ್ರೀಮಿಯರ್ ಲೀಗ್ ತಲುಪಿದಾಗಲೂ 100 ಪೌಂಡೇ ಎಂದು ಕ್ಲಬ್‌ನ ಒಡೆಯ ಡೀನ್ ಹೋಯ್ಲ್ ಮಾತು ಕೊಟ್ಟಿದ್ದರು. 2017ರಲ್ಲಿ ತಂಡ ಭಡ್ತಿ ಪಡೆದಾಗ ಆ ಮಾತನ್ನು ಉಳಿಸಿಕೊಂಡರು.

ಅಗ್ಗದ ದರ ಜನರನ್ನು ಒಮ್ಮೆ ಕರೆತಂದೀತು. ಮತ್ತೆ ಮತ್ತೆ ಕರೆತರುವುದು ವಿಶ್ವಾಸ. ಸದಸ್ಯರನ್ನೇ ನೆಚ್ಚಿ ನಿಂತ ಯಾವುದೇ ಸಂಸ್ಥೆಗೂ ಸಲ್ಲುವ ಮಾತಿದು.