ಬಾಡಿಗೆ ಕೊಡುವವನೇ ಮುಂಗಡ ಕೇಳಿದರೆ?

ಬಾಡಿಗೆಯ ನಿಯಮ ಎಲ್ಲ ಊರಲ್ಲೂ ಒಂದೇ. ಜಾಗ ಬೇಕಾದವನು ಜಾಗ ಇರುವವನಿಗೆ ದುಡ್ಡು ಕೊಡುತ್ತಾನೆ. ಕುದೇರಿನಲ್ಲಿ ಮಳಿಗೆ ಹಿಡಿಯುವವನು ಅಡ್ವಾನ್ಸ್ ಎಣಿಸಿಕೊಟ್ಟು ಬೀಗದ ಕೈ ಇಸಿದುಕೊಳ್ಳುತ್ತಾನೆ. ಸಂತೆಮರಹಳ್ಳಿಯಲ್ಲೂ ಹಾಗೆ, ಗುಂಡ್ಲುಪೇಟೆಯಲ್ಲೂ ಹಾಗೆ. ಈ ನಿಯಮವನ್ನೇ ತಲೆಕೆಳಗು ಮಾಡಿ, ಜಾಗದ ಯಜಮಾನನ ಜೇಬಿಗೇ ಕೈ ಹಾಕುವ ಮಹಾಶಯರು ಹುಟ್ಟಿಕೊಂಡು ಹಲವು ವರ್ಷಗಳಾದವು. ಅವರಿಗೆ ಅಂಗಡಿ ಇಲ್ಲ, ಬೋರ್ಡು ಇಲ್ಲ. ಒಂದು ಫೋನು ಇದೆ, ಸಿಹಿಯಾದ ನಾಲಿಗೆ ಇದೆ. ಅಷ್ಟು ಸಾಕು.

ಅವರ ವ್ಯಾಪಾರದಲ್ಲಿ ಹಳ್ಳಿಗಳ ಕಡೆ ಹೆಚ್ಚು ಓಡುವ ಸರಕು ಮೊಬೈಲ್ ಟವರ್. "ನಿಮ್ಮ ಜಮೀನು ಸ್ಯಾಟಲೈಟ್‌ನಲ್ಲಿ ಸೆಲೆಕ್ಟ್ ಆಗಿದೆ. ಅಡ್ವಾನ್ಸ್ 20 ಲಕ್ಷ, ತಿಂಗಳ ಬಾಡಿಗೆ 25 ಸಾವಿರ, ಮನೆಯಲ್ಲಿ ಒಬ್ಬರಿಗೆ ಕಾಯಂ ಕೆಲಸ" ಎಂದು ಮೆಸೇಜು ಬರುತ್ತದೆ, ಇಲ್ಲವೇ ಕರೆ ಬರುತ್ತದೆ. ಬೋರ್‌ವೆಲ್ ಬತ್ತಿದೆ, ಅರಿಶಿನದ ಬೆಲೆ ಬಿದ್ದಿದೆ, ಮಗಳ ಮದುವೆ ಮುಂದಿದೆ ಎಂಬಂಥ ಹೊತ್ತಿನಲ್ಲಿ ಇಂಥ ಮಾತು ಕಿವಿಗೆ ಬಿದ್ದರೆ ಯಾರ ಮನಸ್ಸು ತಾನೇ ಅಲ್ಲಾಡುವುದಿಲ್ಲ? ಮೋಸ ಹೋದವರನ್ನು ಕಂಡು "ದುರಾಸೆ ಕನಣ್ಣ, ಅದಕ್ಕೇ ಆಯ್ತು" ಎಂದು ಕಟ್ಟೆ ಮೇಲೆ ಕೂತು ನಗುವವರು ಇದನ್ನು ಸ್ವಲ್ಪ ಯೋಚಿಸಬೇಕು. ಎರಡು ಗುಂಟೆ ಬೀಳುಭೂಮಿಗೆ ಬಾಡಿಗೆ ಬರಲಿ ಎಂದು ಬಯಸುವುದು ದುರಾಸೆಯಲ್ಲ. ಟವರ್‌ಗಳು ನಿಜವಾಗಿಯೂ ಯಾರದೋ ಹೊಲದಲ್ಲೇ ನಿಂತಿವೆ, ಅವರಿಗೆ ಬಾಡಿಗೆಯೂ ಬರುತ್ತಿದೆ. ಕಣ್ಣೆದುರಿಗೆ ಅಸಲಿ ಇರುವುದರಿಂದಲೇ ನಕಲಿ ನಡೆಯುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಹಾಲಿನ ಡೇರಿ ಇರುವ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಲು ಯಂತ್ರವಿದೆ. ಫೋನಿನಲ್ಲಿ ಬಂದ ಮಾತನ್ನು ಪರೀಕ್ಷೆ ಮಾಡಲು ಏನಿದೆ?

ಹಗ್ಗ ಹೊಸೆಯುವ ಬಗೆ

ಮೊದಲು ಕೇಳುವ ಮೊತ್ತ ಸಣ್ಣದು. ಉದಾಹರಣೆಗೆ ನೋಂದಣಿ ಶುಲ್ಕ 1,550 ರೂಪಾಯಿ ಎನ್ನೋಣ. ಇಪ್ಪತ್ತು ಲಕ್ಷದ ಮುಂದೆ ಅದೇನು ಮಹಾ ಎಂದು ಕಳಿಸಿದರೆ, ವಾಟ್ಸಾಪಿನಲ್ಲಿ ಸಿಂಹದ ಮುದ್ರೆ ಇರುವ ಪತ್ರ ಬಂದು ಬೀಳುತ್ತದೆ. ಸಹಿ, ಸೀಲು, ದೆಹಲಿಯ ವಿಳಾಸ, ಎಲ್ಲ ಇರುತ್ತದೆ. ಮರುದಿನ ಕರಾರು ಪತ್ರದ ಖರ್ಚು 9,500. ಆಮೇಲೆ ಸರ್ಕಾರದ ನಿರಾಕ್ಷೇಪಣಾ ಪತ್ರಕ್ಕೆ 18,000. ಕೊನೆಗೆ "ನಿಮ್ಮ 20 ಲಕ್ಷ ಪಾಸಾಗಿದೆ, ಜಿಎಸ್‌ಟಿ ಕಟ್ಟಿದರೆ ಸಂಜೆಯೊಳಗೆ ಖಾತೆಗೆ" ಎಂದು ಇನ್ನೂ 24,000. ಒಟ್ಟು ಲೆಕ್ಕ ಹಾಕಿ: 53,050 ರೂಪಾಯಿ. ಇಷ್ಟಾದರೂ ಹೊಲದಲ್ಲಿ ಒಂದು ಗೂಟವನ್ನೂ ನೆಟ್ಟಿರುವುದಿಲ್ಲ, ಒಬ್ಬ ಮನುಷ್ಯ ಬಂದು ಜಾಗ ನೋಡಿರುವುದೂ ಇಲ್ಲ.

ಇಷ್ಟು ದೂರ ಬಂದವನು ಯಾಕೆ ನಿಲ್ಲಿಸುವುದಿಲ್ಲ? ಮೊದಲು ಕೊಟ್ಟದ್ದು ಮುಳುಗಬಾರದೆಂದು ಎರಡನೆಯದು ಕೊಡುತ್ತಾನೆ, ಎರಡೂ ಮುಳುಗಬಾರದೆಂದು ಮೂರನೆಯದು. ಇಸ್ಪೀಟು ಎಲೆ ಹಿಡಿದವನಿಗೆ ಆಗುವುದೂ ಇದೇ. ಅದು ಗೊತ್ತಿರುವುದರಿಂದಲೇ ಕಳ್ಳ ಮೊದಲ ಕಂತನ್ನು ಸಣ್ಣದಾಗಿ ಇಡುತ್ತಾನೆ.

ಇನ್ನೊಂದು ಉಪಾಯ ಅವಸರ. "ಇವತ್ತೇ ಕೊನೆ ದಿನ, ಇಲ್ಲಾಂದ್ರೆ ಪಕ್ಕದ ಸರ್ವೆ ನಂಬರಿಗೆ ಹೋಯ್ತದೆ." ಬಸ್ಸಿನ ಗದ್ದಲದಲ್ಲಿ ಅರ್ಧ ಕೇಳಿಸಿ ಅರ್ಧ ಕೇಳಿಸದೆ "ಆಯ್ತು ಸಾ, ಆಯ್ತು ಸಾ" ಎನ್ನುವವರೇ ಅವರಿಗೆ ಬೇಕಾದವರು. ಬಸ್ಸಿನಲ್ಲಿ ಇಂಥ ಕರೆ ಬಂದರೆ ಇಳಿದ ಮೇಲೆ ಮಾತಾಡುತ್ತೇನೆ ಎನ್ನಿ. ಅಸಲಿ ಕಂಪನಿ ಒಂದು ವಾರವಾದರೂ ಕಾಯುತ್ತದೆ.

ಇಲಾಖೆ ಏನು ಹೇಳಿದೆ?

ದೂರಸಂಪರ್ಕ ಇಲಾಖೆಯೂ ಟ್ರಾಯ್ ಎಂದು ಕರೆಯುವ ನಿಯಂತ್ರಣ ಪ್ರಾಧಿಕಾರವೂ ಈ ವಿಚಾರದಲ್ಲಿ ಹಲವು ಬಾರಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿವೆ. ಟವರ್‌ಗೆ ಜಾಗ ಬಾಡಿಗೆ ಪಡೆಯುವ ವ್ಯವಹಾರದಲ್ಲಿ ಟ್ರಾಯ್‌ಗೆ ಯಾವ ಪಾತ್ರವೂ ಇಲ್ಲ. ಟವರ್ ನಿಲ್ಲಿಸಲು ಅದು ನಿರಾಕ್ಷೇಪಣಾ ಪತ್ರ ಕೊಡುವುದಿಲ್ಲ, ತೆರಿಗೆ ಕೇಳುವುದಿಲ್ಲ, ಶುಲ್ಕ ವಸೂಲು ಮಾಡುವುದಿಲ್ಲ. ಅಂದಮೇಲೆ ಟ್ರಾಯ್ ಹೆಸರಿನ ಪತ್ರ ತೋರಿಸಿ ದುಡ್ಡು ಕೇಳಿದವನು ಕಳ್ಳನೇ, ಎರಡನೇ ಮಾತಿಲ್ಲ. ಟವರ್ ಹಾಕಲು ಅಧಿಕಾರ ಪಡೆದ ಕಂಪನಿಗಳ ಪಟ್ಟಿ ಇಲಾಖೆಯ ಜಾಲತಾಣದಲ್ಲೇ ಇದೆ. ಓದುವ ಹುಡುಗರಿಗೆ ಹೇಳಿದರೆ ಐದು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಪಟ್ಟಿಯಲ್ಲಿ ಹೆಸರಿದ್ದರೂ ಸಾಲದು. ಕಳ್ಳರು ದೊಡ್ಡ ಕಂಪನಿಗಳ ಹೆಸರನ್ನೇ ಹೇಳಿಕೊಳ್ಳುತ್ತಾರೆ. ಕರೆ ಬಂದ ನಂಬರಿಗೆ ತಿರುಗಿ ಕೇಳದೆ, ಕಂಪನಿಯ ಕಚೇರಿಯ ನಂಬರನ್ನು ಬೇರೆಯಾಗಿ ಹುಡುಕಿ ವಿಚಾರಿಸಬೇಕು.

ತೆರಿಗೆಯ ಮಾತೂ ಅಷ್ಟೆ. ಬಾಡಿಗೆಯ ಮೇಲೆ ಟಿಡಿಎಸ್ ಎಂದರೆ ಬಾಡಿಗೆ ಕೊಡುವವನು ತಾನು ಕೊಡುವ ಹಣದಲ್ಲೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವುದು. ಪಡೆಯುವವನು ಮೊದಲೇ ಯಾರದೋ ಖಾಸಗಿ ಖಾತೆಗೆ ಕಳಿಸುವ ತೆರಿಗೆ ಯಾವ ಕಾನೂನಿನಲ್ಲೂ ಇಲ್ಲ. ಇನ್ನು ಕರಾರು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಆಗಬೇಕು. ಅದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿ ಇದೆ. ವಾಟ್ಸಾಪಿನಲ್ಲಿ ಬಂದ ಚಿತ್ರಕ್ಕೆ ಕರಾರು ಎನ್ನುವುದಾದರೆ, ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರಿಗೂ ಹಾಗೆಯೇ ಎನ್ನಬಹುದು.

ಪೇಟೆಯವರೂ ಹೊರತಲ್ಲ

ಇದು ಹೊಲದವರ ಕಷ್ಟ, ತಮಗೇನು ಎಂದು ಪೇಟೆಯವರು ಭಾವಿಸುವಂತಿಲ್ಲ. ಖಾಲಿ ಮನೆಯೋ ಮಳಿಗೆಯೋ ಬಾಡಿಗೆಗೆ ಇದೆ ಎಂದು ಫೋನಿನ ಜಾಹೀರಾತಿನಲ್ಲಿ ಹಾಕಿದರೆ, "ಸೈನ್ಯದಲ್ಲಿದ್ದೇನೆ, ನಿಮ್ಮೂರಿಗೆ ವರ್ಗವಾಗಿದೆ" ಎನ್ನುವ ಕರೆ ಬರಬಹುದು. ಗುರುತಿನ ಚೀಟಿಯ ಚಿತ್ರವನ್ನೂ ಕಳಿಸುತ್ತಾರೆ. ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾರೆ. ಒತ್ತಿದರೆ ದುಡ್ಡು ಬರುವುದರ ಬದಲು ಹೋಗುತ್ತದೆ. ಅಂಗಡಿಯವರು ದಿನಕ್ಕೆ ನೂರು ಸಲ ನೋಡುವ ವಿಷಯ ಇದು. ಗಿರಾಕಿ ಸ್ಕ್ಯಾನ್ ಮಾಡುತ್ತಾನೆ, ಗಿರಾಕಿ ಪಿನ್ ಒತ್ತುತ್ತಾನೆ, ಅಂಗಡಿಯವನ ಪೆಟ್ಟಿಗೆ "ಬಂತು" ಎಂದು ಕೂಗುತ್ತದೆ. ದುಡ್ಡು ಪಡೆಯಲು ಪಿನ್ ಬೇಡ. ಗಲ್ಲಾದ ಮೇಲೆ ಕೂತಾಗ ಗೊತ್ತಿರುವ ಈ ಸತ್ಯ, ಮನೆ ಬಾಡಿಗೆಯ ಮಾತು ಬಂದಾಗ ಮರೆತುಹೋಗಬಾರದು.

ನಿವೃತ್ತ ನೌಕರರಲ್ಲಿ ಕೆಲವರ ಕೈಯಲ್ಲಿ ಇನ್ನೊಂದು ಸೊತ್ತು ಇರುತ್ತದೆ. ರೆಸಾರ್ಟಿನಲ್ಲಿ ವರ್ಷಕ್ಕೆ ಒಂದು ವಾರ ಇರುವ ಹಕ್ಕು, ಟೈಮ್‌ಶೇರ್ ಎನ್ನುತ್ತಾರೆ. ಒಮ್ಮೆ ಲಕ್ಷಗಟ್ಟಲೆ ಕೊಟ್ಟು ಹತ್ತಿಪ್ಪತ್ತು ವರ್ಷದ ಸದಸ್ಯತ್ವ ಪಡೆದವರು, ಹೋದರೂ ಬಿಟ್ಟರೂ ವರ್ಷ ವರ್ಷ ನಿರ್ವಹಣಾ ಶುಲ್ಕ ಕಟ್ಟಬೇಕು. ಕಾಲು ನೋವು ಬಂತು, ಮಕ್ಕಳು ಪರದೇಶಕ್ಕೆ ಹೋದರು, ಇನ್ನು ಇದು ಯಾರಿಗೆ ಬೇಕು, ಮಾರೋಣ ಎಂದು ಹೊರಟಾಗ ಫೋನ್ ಬರುತ್ತದೆ: "ಖರೀದಿದಾರ ಸಿದ್ಧನಿದ್ದಾನೆ, ನೀವು ಕೊಟ್ಟಿದ್ದಕ್ಕಿಂತ ಹೆಚ್ಚು ಕೊಡುತ್ತಾನೆ, ವರ್ಗಾವಣೆ ಶುಲ್ಕ ಮಾತ್ರ ಮೊದಲು ಕಟ್ಟಿ." ಹಳೆಯ ಸದಸ್ಯತ್ವಕ್ಕೆ ಕೊಂಡ ಬೆಲೆಗಿಂತ ಹೆಚ್ಚು ಕೊಡುವ ಪುಣ್ಯಾತ್ಮ ಎಲ್ಲಿದ್ದಾನೆ? ವರ್ಗಾವಣೆಗೆ ನಿಜವಾಗಿ ಶುಲ್ಕವಿದ್ದರೆ ಅದು ರೆಸಾರ್ಟ್ ಕಂಪನಿಗೆ ಸಲ್ಲಬೇಕು. ಸದಸ್ಯತ್ವದ ಕಾಗದದಲ್ಲಿರುವ ಕಚೇರಿಗೆ ಫೋನ್ ಮಾಡಿ ಕೇಳಿದರೆ ಬಣ್ಣ ಬಯಲಾಗುತ್ತದೆ.

ಅಮೆರಿಕದಂಥ ದೇಶದವರೂ ಇದೇ ಹಳ್ಳಕ್ಕೆ ಬಿದ್ದಿದ್ದಾರೆ. ಮೆಕ್ಸಿಕೋದ ರೆಸಾರ್ಟುಗಳಲ್ಲಿ ಇಂಥ ಹಕ್ಕು ಕೊಂಡಿದ್ದ ಅಮೆರಿಕನ್ನರಲ್ಲಿ ಸುಮಾರು 6,000 ಮಂದಿ 2019ರಿಂದ 2023ರೊಳಗೆ ಸುಮಾರು 30 ಕೋಟಿ ಡಾಲರ್ ಕಳೆದುಕೊಂಡ ದೂರು ಕೊಟ್ಟಿದ್ದಾರೆಂದು ಅಲ್ಲಿನ ಸರ್ಕಾರ 2024ರಲ್ಲಿ ಹೇಳಿತು. ಹಿಂದೆ ನಿಂತು ಆಡಿಸಿದವರು ಮಾದಕ ವಸ್ತು ಸಾಗಿಸುವ ದೊಡ್ಡ ತಂಡದವರು. ಓದಿದವರು, ದುಡ್ಡಿದ್ದವರು, ಇಂಗ್ಲಿಷ್ ಬಲ್ಲವರು ಹೀಗೆ ಬಿದ್ದಿರುವಾಗ ಕುದೇರಿನ ರೈತನೊಬ್ಬನನ್ನು ದಡ್ಡ ಎನ್ನುವುದು ಎಷ್ಟು ಸರಿ?

ಒಂದೇ ಪ್ರಶ್ನೆ ಸಾಕು

ಕಾಯ್ದೆ, ಸೆಕ್ಷನ್ನು ಯಾವುದೂ ನೆನಪಿಲ್ಲದಿದ್ದರೆ ಒಂದೇ ಮಾತು ಕೇಳಿದರೆ ಸಾಕು: "ನೀವೇ ನನಗೆ 20 ಲಕ್ಷ ಕೊಡಬೇಕು ತಾನೇ? ಈ 1,550ನ ಅದರಲ್ಲೇ ಹಿಡ್ಕೊಂಡು ಉಳಿದದ್ದು ಕೊಡಿ ಸಾ." ದಲ್ಲಾಳಿ ತನ್ನ ಕಮಿಷನ್ನು ಹಿಡಿದುಕೊಳ್ಳುವುದು ಹಾಗೆ, ಬ್ಯಾಂಕಿನವರು ಸಾಲದ ಖರ್ಚು ಮುರಿದುಕೊಳ್ಳುವುದೂ ಹಾಗೆ. ನಿಜವಾಗಿ ಕೊಡುವ ದುಡ್ಡು ಇರುವವನಿಗೆ ಇದರಲ್ಲಿ ಕಷ್ಟವೇನಿಲ್ಲ. ಇಲ್ಲದವನು "ಸಿಸ್ಟಂನಲ್ಲಿ ಆಗಲ್ಲ, ರಿಸರ್ವ್ ಬ್ಯಾಂಕ್ ರೂಲ್ಸು" ಎಂದು ತೊದಲುತ್ತಾನೆ. ಅಲ್ಲಿಗೆ ಫೋನ್ ಇಡಬಹುದು.

ಅಂಗಡಿಯವರ ಕೈಯಲ್ಲಿರುವುದು

ಹಳ್ಳಿಯಲ್ಲಿ ಎಲ್ಲರ ಫೋನಿನಲ್ಲೂ ದುಡ್ಡು ಕಳಿಸುವ ಸೌಕರ್ಯವಿಲ್ಲ. ಎಷ್ಟೋ ಜನ ಅಂಗಡಿಗೆ ಬಂದು ನೋಟು ಎಣಿಸಿಕೊಟ್ಟು, "ಸಾವ್ಕಾರ್ರೆ, ಈ ನಂಬರ್ಗೆ ವಸಿ ಹಾಕಿ" ಎನ್ನುತ್ತಾರೆ. ಅಂದರೆ ಹಣ ಊರು ಬಿಡುವ ಮುನ್ನ ಇರುವ ಕೊನೆಯ ಬಾಗಿಲು ಅಂಗಡಿಯ ಗಲ್ಲಾ. ಅಲ್ಲಿ ಕೂತವರು ಕಮಿಷನ್ ಹತ್ತೋ ಇಪ್ಪತ್ತೋ ಎಂದು ಸುಮ್ಮನೆ ಒತ್ತಿಬಿಡಬಾರದು. "ಯಾರಿಗಣ್ಣ ಇದು? ಯಾತಕ್ಕೆ?" ಎಂಬ ಎರಡು ಮಾತು ಕೇಳಬೇಕು. ಟವರ್, ಲಾಟರಿ, ಸಾಲದ ಫೀಸು ಎಂಬ ಉತ್ತರ ಬಂದರೆ "ನಾಳೆ ಹಾಕಾನ, ಇವತ್ತು ಮನೇಲಿ ಕೇಳ್ಕೊಂಡು ಬಾ" ಎಂದು ಕಳಿಸಬೇಕು. ಒಂದು ದಿನ ತಡವಾದರೆ ಅಸಲಿ ವ್ಯವಹಾರ ಕೆಡುವುದಿಲ್ಲ. ಗಿರಾಕಿಯ ಸ್ವಂತ ವಿಷಯ ಎಂಬ ಸಂಕೋಚ ಇಲ್ಲಿ ಬೇಡ. ಆ 53 ಸಾವಿರ ಹೋದ ಮನೆ ಮುಂದಿನ ವರ್ಷ ಅದೇ ಅಂಗಡಿಯಲ್ಲಿ ಸಾಲ ಬರೆಸುತ್ತದೆ ಎಂಬುದನ್ನಾದರೂ ನೆನಪಿಡಬಹುದು.

ಹಣ ಹೋಗಿಯೇ ಬಿಟ್ಟರೆ? ತಲೆ ಮೇಲೆ ಕೈ ಹೊತ್ತು ಕೂರಬಾರದು. ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ಮಾಡಿದರೆ, ಕಳ್ಳನ ಖಾತೆಯಲ್ಲಿ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಹಣ ಹೋಗಿಲ್ಲ, ಬರೀ ಕರೆ ಬಂದಿದೆ ಎಂದರೆ ಸಂಚಾರ್ ಸಾಥಿ ಜಾಲತಾಣದ 'ಚಕ್ಷು' ವಿಭಾಗದಲ್ಲಿ ಆ ನಂಬರನ್ನು ತಿಳಿಸಬಹುದು. 2024ರ ಮಾರ್ಚಿನಿಂದ ಆ ಸೌಕರ್ಯವಿದೆ. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧಗಳಿಗೆಂದೇ ಸಿಇಎನ್ ಠಾಣೆ ಇದೆ. ಕಳ್ಳ ಎಲ್ಲಿಯವನೋ, ನಮ್ಮ ವ್ಯಾಪ್ತಿಯಲ್ಲ ಎಂದು ಯಾವ ಠಾಣೆಯವರೂ ಕೈ ತೊಳೆದುಕೊಳ್ಳುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನು, ಅಪರಾಧ ಎಲ್ಲೇ ನಡೆದಿರಲಿ ದೂರು ದಾಖಲಿಸಿಕೊಳ್ಳಬೇಕು ಎನ್ನುತ್ತದೆ. ಹಿಂದಿನ 420ರ ಜಾಗಕ್ಕೆ ಬಂದ ಹೊಸ ನ್ಯಾಯ ಸಂಹಿತೆಯ 318ರಲ್ಲಿ ವಂಚನೆಗೆ ಏಳು ವರ್ಷದವರೆಗೆ ಶಿಕ್ಷೆಯಿದೆ. ದೂರು ಕೊಟ್ಟ ಮೇಲೂ ಒಂದು ಎಚ್ಚರ ಬೇಕು. "ಹೋದ ಹಣ ವಾಪಸ್ ಕೊಡಿಸ್ತೀವಿ, ಫೀಸು ಮೊದಲು ಕಟ್ಟಿ" ಎಂದು ಇನ್ನೊಬ್ಬ ಫೋನ್ ಮಾಡುತ್ತಾನೆ. ಅವನು ಮೊದಲನೆಯವನ ತಮ್ಮ.

ಇದೆಲ್ಲಕ್ಕಿಂತ ದೊಡ್ಡ ಅಡ್ಡಿ ನಾಚಿಕೆ. ಮೋಸ ಹೋದವನು ಹೆಂಡತಿಗೂ ಹೇಳುವುದಿಲ್ಲ. ಅವನ ಮೌನದಿಂದ ಪಕ್ಕದ ಬೀದಿಯವನಿಗೆ ಅದೇ ನಂಬರಿನಿಂದ ಕರೆ ಬಂದಾಗ ಎಚ್ಚರಿಸುವವರು ಇರುವುದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಒಬ್ಬನ ಮನೆ ಹೋದ ಮೇಲಾದರೂ ಬಾಗಿಲು ಹಾಕಿದರೆ ಉಳಿದ ಮನೆಗಳು ಉಳಿದಾವು.

ಗ್ರಾಮ ಪಂಚಾಯಿತಿಯ ಗೋಡೆ, ಹಾಲಿನ ಸೊಸೈಟಿಯ ಬೋರ್ಡು, ಬಸ್ ನಿಲ್ಲುವ ಜಾಗ, ಪ್ರತಿ ಅಂಗಡಿಯ ಗಲ್ಲಾ. ಈ ನಾಲ್ಕು ಕಡೆ ದಪ್ಪ ಅಕ್ಷರದಲ್ಲಿ ಎರಡು ಸಾಲು ಬರೆಸಲಿ: "ಟವರ್‌ಗೆ ಜಾಗ ಕೊಡುವವರು ದುಡ್ಡು ಕಟ್ಟಬೇಕಾಗಿಲ್ಲ. ಮೋಸವಾದರೆ 1930." ಇದಕ್ಕೆ ಅನುದಾನ ಬೇಡ, ಮಂತ್ರಿಗಳ ಉದ್ಘಾಟನೆ ಬೇಡ. ಒಂದು ಡಬ್ಬಿ ಬಣ್ಣ, ಒಂದು ಬ್ರಷ್ಷು ಸಾಕು. ಪಂಚಾಯಿತಿಯವರು ಈ ವಾರವೇ ಶುರು ಮಾಡುತ್ತಾರೋ, ಮುಂದಿನ ಸಭೆಯ ನಡಾವಳಿಗೆ ಇಡುತ್ತಾರೋ ಊರು ನೋಡುತ್ತಿರುತ್ತದೆ.